ಎಡಬಲ ಸರಿ, ಉತ್ತರ ತಪ್ಪು

ಅಣ್ಣನ ಮಗಳು ನೋಟ್‌ಬುಕ್ ಹಿಡಿದು ಬಂದದ್ದು ಪಾಠ ಹೇಳಿಸಿಕೊಳ್ಳಲಿಕ್ಕಲ್ಲ, ಜಗಳಕ್ಕೆ. "ಅತ್ತೆ, ಪುಸ್ತಕದಲ್ಲಿ ಕೊಟ್ಟಿರೋ ಉತ್ತರಾನೇ ತಪ್ಪು. ಬೇಕಾದ್ರೆ ನೀವೇ ಎಣಿಸಿ."

ಪ್ರಶ್ನೆ ಹಳೆಯದು. ಆಮ್ಲ ಬೆರೆಸಿದ ಪರ್ಮಾಂಗನೇಟ್ (MnO₄⁻) ದ್ರಾವಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ (H₂O₂) ಹಾಕಿದರೆ ನೇರಳೆ ಬಣ್ಣ ಹೋಗಿ ಆಕ್ಸಿಜನ್ ಗುಳ್ಳೆ ಏಳುತ್ತದೆ; ಸಮೀಕರಣ ಸರಿದೂಗಿಸಬೇಕು. ಪುಸ್ತಕ ಎರಡು ಪರ್ಮಾಂಗನೇಟಿಗೆ ಐದು ಪೆರಾಕ್ಸೈಡ್ ಎನ್ನುತ್ತದೆ. ಇವಳದು ಮೂರು. ಎಡಕ್ಕೆ ಎರಡು ಪರ್ಮಾಂಗನೇಟ್, ಮೂರು ಪೆರಾಕ್ಸೈಡ್, ಆರು ಹೈಡ್ರೋಜನ್ ಅಯಾನು; ಬಲಕ್ಕೆ ಎರಡು ಮ್ಯಾಂಗನೀಸ್ ಅಯಾನು, ನಾಲ್ಕು ಆಕ್ಸಿಜನ್ ಅಣು, ಆರು ನೀರು.

ಎಣಿಸಿದೆ. ಆಕ್ಸಿಜನ್ ಎರಡೂ ಕಡೆ 14. ಹೈಡ್ರೋಜನ್ 12. ವಿದ್ಯುದಂಶ ಅತ್ತ +4, ಇತ್ತಲೂ +4. ಬೆರಳಿಟ್ಟು ತೋರಿಸಲು ಒಂದು ತಪ್ಪೂ ಇಲ್ಲ. "ಸರಿ, ಪೆರಾಕ್ಸೈಡ್ ಒಂದೇ ಒಂದು ಹಾಕಿ ನೋಡು" ಎಂದೆ. ಮೂರು ಆಕ್ಸಿಜನ್, ನಾಲ್ಕು ನೀರು ಬಂತು, ಅದೂ ಸರಿಹೋಯಿತು. ಏಳು ಹಾಕಿದಳು, ಅದೂ ಸರಿಹೋಯಿತು. ಈಗ ಅವಳ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. ಎಲ್ಲ ಉತ್ತರವೂ ಸರಿಯಾದರೆ ಯಾವುದೂ ಉತ್ತರವಲ್ಲ ಎಂಬುದು ಹುಡುಗಿಗೆ ಹೊಳೆದಿತ್ತು.

ಆಮೇಲೆ ಕೂತು ಪ್ರತಿ ಪರಮಾಣುವಿನ ತಲೆಯ ಮೇಲೆ ಉತ್ಕರ್ಷಣ ಸಂಖ್ಯೆ ಬರೆದೆವು: ಎಲೆಕ್ಟ್ರಾನ್ ಎಷ್ಟು ಬಿಟ್ಟಿತು (+), ಎಷ್ಟು ಪಡೆಯಿತು (-) ಎಂಬ ಲೆಕ್ಕ. ಪರ್ಮಾಂಗನೇಟ್ ಅಯಾನಿನಲ್ಲಿ ನಾಲ್ಕು ಆಕ್ಸಿಜನ್ ತಲಾ -2, ಒಟ್ಟು -8. ಅಯಾನಿನ ಮೇಲೆ ಉಳಿದದ್ದು -1, ಹಾಗಾಗಿ ಮ್ಯಾಂಗನೀಸ್ +7. ಬಲಗಡೆ ಅದು +2. ಪೆರಾಕ್ಸೈಡಿನ ಆಕ್ಸಿಜನ್‌ಗೂ ಅವಳು ಕೈಗೆ ಬಂದ ಹಾಗೆ -2 ಬರೆದಳು. "ಹಾಗಾದ್ರೆ ಹೈಡ್ರೋಜನ್ ಎಷ್ಟಾಯ್ತು?" "+2... ಅದಾಗಲ್ಲ." ಇರುವ ಒಂದೇ ಎಲೆಕ್ಟ್ರಾನ್ ಕಳಕೊಂಡ ಮೇಲೆ ಇನ್ನೊಂದು ಎಲ್ಲಿಂದ ತಂದೀತು? -2 ಹೊಡೆದು -1 ಬರೆದಳು. ಪೆರಾಕ್ಸೈಡಿನಲ್ಲಿ ಆಕ್ಸಿಜನ್ ಇನ್ನೊಂದು ಆಕ್ಸಿಜನ್ನಿಗೇ ಅಂಟಿಕೊಂಡಿದೆ. ಆ ಬಂಧದ ಎಲೆಕ್ಟ್ರಾನು ಇಬ್ಬರಿಗೂ ಸಮಪಾಲು. ಆಕ್ಸಿಜನ್ ಅನಿಲದಲ್ಲಿ ಈ ಸಂಖ್ಯೆ ಸೊನ್ನೆ.

ಇಲ್ಲಿಂದ ಲೆಕ್ಕ ಸಲೀಸು. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯಲು ಐದು ಎಲೆಕ್ಟ್ರಾನ್ ಬೇಕು, ಎರಡಕ್ಕೆ ಹತ್ತು. ಒಂದು ಪೆರಾಕ್ಸೈಡ್ ಅಣು ಆಕ್ಸಿಜನ್ ಅನಿಲವಾಗುವಾಗ ಎರಡು ಬಿಟ್ಟುಕೊಡುತ್ತದೆ. ಹತ್ತಕ್ಕೆ ಐದು ಅಣು. ಪುಸ್ತಕ ಗೆದ್ದಿತು.

ಅವಳು ಅಷ್ಟಕ್ಕೇ ಬಿಡುವವಳಲ್ಲ. "ನನ್ನ ಸಮೀಕರಣದಲ್ಲೂ ಎಲೆಕ್ಟ್ರಾನ್ ಎಣಿಸೋಣ" ಎಂದಳು. ಮೂರು ಪೆರಾಕ್ಸೈಡಿನಿಂದ ಆರು ಬಂತು, ಮೂರು ಆಕ್ಸಿಜನ್ ಅಣು ಆಯಿತು. ನಾಲ್ಕನೆಯದು? ಅದರ ಎರಡು ಪರಮಾಣು ಪರ್ಮಾಂಗನೇಟಿನ -2 ಆಕ್ಸಿಜನ್ನೇ ಆಗಬೇಕು. ಅವು ಸೊನ್ನೆಗೆ ಏರುವಾಗ ನಾಲ್ಕು ಕೊಡುತ್ತವೆ. ಆರು, ನಾಲ್ಕು, ಹತ್ತು. ಎಲೆಕ್ಟ್ರಾನ್ ಲೆಕ್ಕವೂ ಚುಕ್ತಾ! ನನಗೆ ಈ ಸಮೀಕರಣ ಇಷ್ಟವಾಗುವುದೇ ಇದಕ್ಕೆ. ತಪ್ಪು ಕೂಡಿಸಿ ಕಳೆಯುವುದರಲ್ಲಿ ಇಲ್ಲ. ಯಾವ ಆಕ್ಸಿಜನ್ ಬದಲಾಯಿತು ಎಂದು ಕೇಳದೇ ಇದ್ದುದರಲ್ಲಿದೆ. ಸುಲಭವಾಗಿ ಎಲೆಕ್ಟ್ರಾನ್ ಬಿಡುವ ಪೆರಾಕ್ಸೈಡ್ ಪಕ್ಕದಲ್ಲೇ ಇರುವಾಗ ಪರ್ಮಾಂಗನೇಟ್ ತನ್ನದೇ ಆಕ್ಸಿಜನ್ನಿನ ಮೇಲೆ ಬೀಳುವುದಿಲ್ಲ. ಇದು ಬರೀ ಊಹೆಯಲ್ಲ: ಭಾರದ ಆಕ್ಸಿಜನ್-18ರಿಂದ ಗುರುತು ಮಾಡಿ ನಡೆಸಿದ ಪ್ರಯೋಗಗಳಲ್ಲಿ ಅನಿಲದ ಎರಡೂ ಪರಮಾಣು ಪೆರಾಕ್ಸೈಡಿನವೇ ಎಂದು ಕಂಡಿದೆ. ಪರ್ಮಾಂಗನೇಟಿನ ಎಂಟು ಆಕ್ಸಿಜನ್ ನೀರಿಗೆ ಸೇರುತ್ತವೆ, -2 ಇದ್ದದ್ದು -2 ಆಗಿಯೇ. ಇನ್ನು ಅವಳ ಏಳು ಪೆರಾಕ್ಸೈಡ್ ಎಂದರೆ ಐದರ ಜೊತೆಗೆ ಎರಡು ತಾವಾಗಿಯೇ ಒಡೆದು ನೀರು, ಆಕ್ಸಿಜನ್ ಆದ ಲೆಕ್ಕ. ಬೇರೆ ಕ್ರಿಯೆಯನ್ನು ಇದರೊಳಗೆ ತೂರಿಸಿದ ಹಾಗೆ.

"ಮ್ಯಾಂಗನೀಸ್ ಮೇಲೆ ನಿಜವಾಗಲೂ +7 ಇರತ್ತಾ?" ಎಂದು ಕೇಳಿದಳು. ಇಲ್ಲ. ಬಂಧದ ಎಲೆಕ್ಟ್ರಾನುಗಳನ್ನೆಲ್ಲ ಹೆಚ್ಚು ಸೆಳೆಯುವವನ ಹೆಸರಿಗೆ ಬರೆದಿಟ್ಟ ಜಮಾಖರ್ಚು ಇದು. ಕಬ್ಬಿಣದ ಮ್ಯಾಗ್ನಟೈಟ್ ಅದಿರಿನಲ್ಲಿ ಸರಾಸರಿ ತೆಗೆದರೆ 8/3 ಬರುತ್ತದೆ; ಹಾಗೊಂದು ಕಬ್ಬಿಣದ ಪರಮಾಣು ಎಲ್ಲೂ ಇಲ್ಲ, ಒಂದು +2, ಎರಡು +3 ಇವೆ.

ಕಡೆಗೆ ಅವಳೊಂದು ಸೂತ್ರ ಮಾಡಿಕೊಂಡಳು: ಬಣ್ಣ ಬದಲಾದರೆ ಸಂಖ್ಯೆ ಬದಲಾಗಿದೆ. ಬಿಡಲಿಲ್ಲ ನಾನು. ಆಮ್ಲೀಯ ಡೈಕ್ರೋಮೇಟಿಗೆ ಅದೇ ಪೆರಾಕ್ಸೈಡ್ ಹಾಕಿದರೆ ಕಿತ್ತಳೆ ಹೋಗಿ ಗಾಢ ನೀಲಿ ಬರುತ್ತದೆ. ಆ ನೀಲಿಯಲ್ಲಿ ಒಂದು ಕ್ರೋಮಿಯಂಗೆ ಐದು ಆಕ್ಸಿಜನ್. ಎಲ್ಲಕ್ಕೂ -2 ಹಾಕಿ +10 ಎಂದಳು. "ಕ್ರೋಮಿಯಂ ಹತ್ರ ಕೊಡೋಕೆ ಇರೋದು ಆರು." ಚಿತ್ರ ಬರೆದಳು: ಎರಡು ಜೋಡಿ ಪೆರಾಕ್ಸೈಡ್, ನಾಲ್ಕು ಆಕ್ಸಿಜನ್ -1; ಉಳಿದೊಂದು -2. ಕ್ರೋಮಿಯಂ +6. ಡೈಕ್ರೋಮೇಟಿನಲ್ಲೂ +6. ಪೆರಾಕ್ಸೈಡಿನ ಆಕ್ಸಿಜನ್ -1 ಇದ್ದದ್ದು -1.

"ಅಂದ್ರೆ ಏನೂ ಬದಲಾಗ್ಲಿಲ್ಲ!"

"ಇಲ್ಲ. ಆದ್ರೆ ನೀರಲ್ಲಿ ಆ ನೀಲಿ ಬಹಳ ಹೊತ್ತು ನಿಲ್ಲಲ್ಲ. ಆಕ್ಸಿಜನ್ ಬಿಟ್ಟು ಹಸಿರು ಕ್ರೋಮಿಯಂ ಆಗತ್ತೆ, +3. ಅದನ್ನ ಸರಿದೂಗಿಸು."

ಅದರಲ್ಲಿ -1ರ ಆಕ್ಸಿಜನ್ ಕೆಲವು ಸೊನ್ನೆಗೆ ಏರುತ್ತವೆ, ಕೆಲವು -2ಕ್ಕೆ ಇಳಿಯುತ್ತವೆ. ಅದನ್ನು ಹೇಳಲಿಲ್ಲ, ನಾಲ್ಕು ನೀಲಿ ಅಣುವಿನಿಂದ ಶುರುಮಾಡು ಎಂದಷ್ಟೇ ಹೇಳಿ ಪೆನ್ಸಿಲ್ ಅವಳ ಕೈಗೆ ಕೊಟ್ಟೆ.