ಮೂರು ಹವಾಲ್ದಾರರು, ಒಂದೇ ವಾಕ್ಯ

ಕರ್ನಲ್ ಸಾಹೇಬರು ಮೂರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರಿದ್ದ ಜಾಗಕ್ಕೆ ಉದ್ದನೆಯ ಅಡಿಪಟ್ಟಿಯೊಂದನ್ನು ಅಡ್ಡ ಇಟ್ಟರು. "ಇದರಲ್ಲಿ ಗದಗಿನವನು ಯಾರು, ಹೇಳಿ."

ಮೂರೂ ನಾನೇ ಬರೆದ ವಾರ್ಷಿಕ ಗೌಪ್ಯ ವರದಿಗಳು, ನಮ್ಮ ಬಾಯಲ್ಲಿ ಎಸಿಆರ್. ಶಿಸ್ತುಗಾರ, ಪ್ರಾಮಾಣಿಕ, ವಹಿಸಿದ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಾನೆ ಎಂದು ಮೂರರಲ್ಲೂ ಇತ್ತು. ಒಂದರಲ್ಲಿ ಮಾತ್ರ ಪ್ರಾಮಾಣಿಕತೆ ಶಿಸ್ತಿಗಿಂತ ಮೊದಲು ಬಂದಿತ್ತು. ಎಡಗಡೆಯ ಹಾಳೆಯನ್ನು ತೋರಿಸಿದೆ. ತಪ್ಪು.

"ನಾಳೆ ಸಂಜೆಗೆ ಹೊಸದಾಗಿ ಬರೆದು ತನ್ನಿ" ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಹವಾಲ್ದಾರ್ ನಾಯಿಬ್ ಸುಬೇದಾರ್ ಆಗಬೇಕಾದರೆ ಬಡ್ತಿ ಸಮಿತಿ ಅವನ ಹಿಂದಿನ ವರ್ಷಗಳ ವರದಿಗಳನ್ನು ನೋಡುತ್ತದೆ. ಸಮಿತಿಯ ಮುಂದೆ ಇರುವುದು ಕಾಗದ, ಮನುಷ್ಯನಲ್ಲ. ಬಡ್ತಿ ಸಿಗದಿದ್ದರೆ ವಿಸ್ತರಣೆಯೂ ಸೇರಿ 26 ವರ್ಷಕ್ಕೆ ಸೇವೆ ಮುಗಿಸಿ ಊರಿಗೆ ಹೊರಡಬೇಕು. ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಮೂರು ವರದಿಗಳನ್ನು ಒಂದು ಊಟದ ವಿರಾಮದಲ್ಲಿ ಮುಗಿಸಿದ್ದೆ. ಹೊಗಳಿಕೆಯಲ್ಲಿ ಜಿಪುಣತನ ಮಾಡಿರಲಿಲ್ಲ, ಅದು ನಿಜ. ಆದರೆ ಸೈನ್ಯದಲ್ಲಿ ಹೊಗಳಿಕೆಗೆ ಬೆಲೆ ಇಳಿದು ಎಷ್ಟೋ ಕಾಲವಾಗಿದೆ. ಅಧಿಕಾರಿಗಳ ವರದಿಯಲ್ಲಿ 9ಕ್ಕೆ 7 ಅಂಕ ಕೊಟ್ಟರೆ ನಿಯಮದ ಪ್ರಕಾರ ಅದು ಸರಾಸರಿಗಿಂತ ಮೇಲು, ಪಡೆದವನ ಮುಖ ಮಾತ್ರ ಫೇಲಾದ ಹುಡುಗನದು.

ರಾತ್ರಿ ಬುಖಾರಿಯ, ಅಂದರೆ ಕೋಣೆ ಬೆಚ್ಚಗಿಡುವ ಒಲೆಯ, ಪಕ್ಕ ಕುಳಿತೆ. ಗದಗಿನವನ ವಿಷಯದಲ್ಲಿ ನೆನಪಾದದ್ದು ಮಳೆಗಾಲದ ಬೈಲಿ ಸೇತುವೆ, ಉಕ್ಕಿನ ಪ್ಯಾನೆಲ್‌ಗಳನ್ನು ಪಿನ್ನು ಹಾಕಿ ಜೋಡಿಸುವಂಥದ್ದು. ಹತ್ತು ಅಡಿ ಉದ್ದದ ಒಂದೊಂದು ಪ್ಯಾನೆಲ್ ಎತ್ತಲು ಆರು ಜನ ಬೇಕು. ನಮ್ಮ ಹಿಂದೆ ಲಾರಿಗಳ ಸಾಲು ನಿಂತಿತ್ತು. ಸೇತುವೆಯನ್ನು ರೋಲರ್ ಮೇಲೆ ತಳ್ಳಬೇಕು ಎನ್ನುವಾಗ ಅವನು ಕೈ ಅಡ್ಡ ಹಿಡಿದ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪ್ಯಾನೆಲ್ ಪಿನ್ನುಗಳನ್ನು ಒಂದೊಂದಾಗಿ ಬೆರಳಿನಿಂದ ಸವರುತ್ತ ಬಂದ. ಒಂದಕ್ಕೆ ಕ್ಲಿಪ್ ಇರಲಿಲ್ಲ. ನಾನು ಕೂಗಾಡಿದೆ. "ಕ್ಲಿಪ್ ಹಾಕದೆ ತಳ್ಳುವುದಿಲ್ಲ ಸರ್" ಎಂದ, ತಿರುಗಿಯೂ ನೋಡದೆ. ಅಂದು ಅದು ನನಗೆ ಉದ್ಧಟತನವಾಗಿ ಕಂಡಿತ್ತು. ಈಗ ಪಿನ್ನಿನ ಕಥೆಯನ್ನು ಎರಡು ವಾಕ್ಯದಲ್ಲಿ ಬರೆದು, ಮೇಲಿನವರೊಡನೆ ಮಾತು ಒರಟು ಎಂಬುದನ್ನೂ ಸೇರಿಸಿದೆ. ಒರಟು ಹೌದಲ್ಲ.

ಉಗ್ರಾಣದ ಹವಾಲ್ದಾರನದು ಸುಲಭ. ಲೆಕ್ಕ ತಪಾಸಣೆಯ ಹಿಂದಿನ ದಿನ ಅವನು ನಿಶ್ಚಿಂತೆಯಿಂದ ವಾಲಿಬಾಲ್ ಆಡುತ್ತಿದ್ದ. ಅಷ್ಟು ಸಾಕಾಯಿತು.

ಮೂರನೆಯವನ ಹಾಳೆಯ ಮುಂದೆ ಪೆನ್ನು ನಿಂತುಬಿಟ್ಟಿತು. ಎರಡು ವರ್ಷದಿಂದ ನನ್ನ ಕಂಪನಿಯಲ್ಲೇ ಇದ್ದ ಮನುಷ್ಯ. ಅವನು ಮಾಡಿದ ಒಂದೇ ಒಂದು ಕೆಲಸ ನೆನಪಿಗೆ ಬರಲಿಲ್ಲ. ಮುಖವನ್ನೂ ಪ್ರಯತ್ನಪಟ್ಟು ನೆನೆಯಬೇಕಾಯಿತು.

ಬೆಳಿಗ್ಗೆ ಸುಬೇದಾರ್ ಸಾಹೇಬರನ್ನು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಕಳೆದ ಎರಡು ಚಳಿಗಾಲದಲ್ಲಿ ನಿಮಗೆ ಒಂದು ದಿನವಾದರೂ ನೀರು ನಿಂತಿತ್ತೇ ಸರ್?"

ನಿಂತಿರಲಿಲ್ಲ. ಪಕ್ಕದ ತುಕಡಿಯವರು ಹಿಮವನ್ನು ಕರಗಿಸಿ ಕುಡಿಯುವಾಗಲೂ ನಮ್ಮಲ್ಲಿ ನೀರು ಬರುತ್ತಿತ್ತು. ಅದು ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಪ್ರತಿ ಸಂಜೆ ಅವನು ಇಳಿಜಾರಿನ ಪೈಪನ್ನು ಪೂರ್ತಿ ಖಾಲಿ ಮಾಡಿ, ಕೀಲುಗಳಿಗೆ ಗೋಣಿ ಸುತ್ತಿ, ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಮತ್ತೆ ಪಂಪು ಹಚ್ಚುತ್ತಿದ್ದ. ನೀರಿನ ಪಾಯಿಂಟಿಗೆ ಹೋದೆ. ಗೋಣಿಯ ತುದಿಗಳನ್ನು ದಬ್ಬಣದಿಂದ ಹೊಲಿದಿದ್ದ, ಹಾಸಿಗೆ ಹೊಲಿದಂತೆ. ನನ್ನನ್ನು ಕಂಡು ಸೆಲ್ಯೂಟ್ ಹೊಡೆದು, ಏನಾದರೂ ತಪ್ಪಾಯಿತೇ ಎಂದು ಕೇಳಿದ. ಅಧಿಕಾರಿ ಅಲ್ಲಿಗೆ ಬಂದದ್ದು ಅದೇ ಮೊದಲಿರಬೇಕು.

ಸಂಜೆ ಕರ್ನಲ್ ಸಾಹೇಬರು ಮೂರನ್ನೂ ಓದಿದರು. ಈ ಸಲ ಅಡಿಪಟ್ಟಿ ಇಡಲಿಲ್ಲ. ನೀರಿನವನ ಹಾಳೆಯ ಮೇಲೆ ಬೆರಳಿಟ್ಟು, "ಹೋದ ವರ್ಷ ಇವನ ವರದಿ ಬರೆದವರು ಯಾರು?" ಎಂದರು.

ಅದನ್ನೂ ನಾನೇ ಬರೆದಿದ್ದೆ. ಶಿಸ್ತುಗಾರ, ಪ್ರಾಮಾಣಿಕ, ವಹಿಸಿದ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಾನೆ. ಮೊಹರಾಗಿ ಬೆಂಗಳೂರಿನ ದಾಖಲೆ ಕಚೇರಿ ಸೇರಿ ಆಗಲೇ ಹತ್ತು ತಿಂಗಳಾಗಿತ್ತು.