ಪ್ರಚಾರದ ದುಡ್ಡಿನಲ್ಲಿ ಅರ್ಧ ಶುಕ್ರವಾರದ ನಂತರಕ್ಕೆ ಇರಲಿ: ಮೈಸೂರು–ಮಂಡ್ಯ ಸಿನಿಮಾ ಹಂಚಿಕೆ ಕೆಲಸದ ಪಾಠ

ಸಿನಿಮಾ ಬಿಡುಗಡೆಯಾಗುವುದು ಶುಕ್ರವಾರ. ಅದಕ್ಕೆ ಎರಡನೇ ವಾರ ಎಷ್ಟು ಶೋ ಸಿಗುತ್ತದೆ ಅನ್ನುವುದು ಮಾತ್ರ ಸೋಮವಾರ, ಮಂಗಳವಾರದ ಫೋನಿನಲ್ಲಿ ತೀರ್ಮಾನವಾಗುತ್ತದೆ. ಆ ಹೊತ್ತಿಗೆ ಥಿಯೇಟರ್‌ನವರ ಮೇಜಿನ ಮೇಲಿರುವುದು ಶುಕ್ರ, ಶನಿ, ಭಾನುವಾರದ ಡಿಸಿಆರ್, ಅಂದರೆ ದಿನದ ಕಲೆಕ್ಷನ್ ಪಟ್ಟಿ. ಟೀಸರ್‌ಗೆ ಎಷ್ಟು ಲಕ್ಷ ವ್ಯೂ ಬಂದಿತ್ತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಆದ್ದರಿಂದ ಮೈಸೂರು, ಮಂಡ್ಯ ಕಡೆಯ ಹಂಚಿಕೆಗೆ ಹೊಸದಾಗಿ ಬರುವವರಿಗೆ ಹಂಚಿಕೆದಾರರಾದ ನಾವು ಮೊದಲು ಹೇಳುವುದು ಒಂದೇ ಮಾತು: ಈ ಏರಿಯಾಕ್ಕೆ ಅಂತ ಸಿಕ್ಕ ಡಿಜಿಟಲ್ ಪ್ರಚಾರದ ದುಡ್ಡಿನಲ್ಲಿ ಅರ್ಧವನ್ನಾದರೂ ಶುಕ್ರವಾರದ ಮೊದಲ ಶೋ ಬಿಟ್ಟ ಮೇಲಿನ ಖರ್ಚಿಗೆ ತೆಗೆದಿಡಿ. ಸಣ್ಣ, ಮಧ್ಯಮ ಬಜೆಟ್ಟಿನ ಚಿತ್ರಗಳು ಸೋಲುವ ಜಾಗ ಇದೇ. ಗುರುವಾರ ರಾತ್ರಿಗೇ ಕೈ ಖಾಲಿಯಾಗಿರುತ್ತದೆ. ಶನಿವಾರ ಸಂಜೆ ‘ಚೆನ್ನಾಗಿದೆಯಂತೆ’ ಅನ್ನುವ ಮಾತು ಊರಲ್ಲಿ ಹುಟ್ಟಿದಾಗ, ಅದನ್ನು ನಾಲ್ಕು ಜನರಿಗೆ ಮುಟ್ಟಿಸಲು ಐದು ಸಾವಿರ ರೂಪಾಯಿಯೂ ಉಳಿದಿರುವುದಿಲ್ಲ.

ಮೊದಲು ಟಿಕೆಟ್ಟಿನ ಲೆಕ್ಕ ಬಾಯಿಪಾಠವಾಗಬೇಕು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಮೀರದ ಟಿಕೆಟ್‌ಗೆ ಜಿಎಸ್‌ಟಿ 5%, ಮೀರಿದರೆ 18%. ದರ 100 ಇಟ್ಟರೆ ನೋಡುವವನು ಕೊಡುವುದು 105. ದರ 110 ಮಾಡಿದರೆ ಅವನು ಕೊಡುವುದು 129 ರೂಪಾಯಿ 80 ಪೈಸೆ. ನಮ್ಮ ಕಡೆಗೆ ಹೆಚ್ಚಾಗಿದ್ದು 10 ರೂಪಾಯಿ, ಅವನ ಜೇಬಿನಿಂದ ಹೋಗಿದ್ದು ಸುಮಾರು 25. ಬುಕಿಂಗ್ ಆ್ಯಪ್‌ನ ಶುಲ್ಕ ಇದರ ಮೇಲೆ ಬೇರೆ. ಮಂಡ್ಯದಲ್ಲಿ ನಾಲ್ಕು ಜನರ ಸಂಸಾರ ಒಟ್ಟಿಗೆ ಬರುವ ಚಿತ್ರವಾದರೆ ಆ 100ರ ಗೆರೆ ದಾಟುವ ಮುಂಚೆ ಎರಡು ಸಲ ಯೋಚಿಸಿ. ಸ್ಟಾರ್ ಚಿತ್ರದ ಮೊದಲ ಮೂರು ದಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಆದರೆ ಸೋಮವಾರದಿಂದ ಅದಕ್ಕೂ ಅನ್ವಯಿಸುತ್ತದೆ.

ಆಮೇಲೆ ಒಪ್ಪಂದ. ಮಲ್ಟಿಪ್ಲೆಕ್ಸ್‌ನಲ್ಲಿ ಶೇಕಡಾವಾರು ಪಾಲು, ವಾರ ಕಳೆದಂತೆ ನಮ್ಮ ಪಾಲು ಇಳಿಯುತ್ತದೆ. ಸಿಂಗಲ್ ಸ್ಕ್ರೀನ್‌ನಲ್ಲಿ ಹೆಚ್ಚಾಗಿ ವಾರದ ಬಾಡಿಗೆ. ಈ ಎರಡರಲ್ಲಿ ಜಾಹೀರಾತಿನ ಒಂದು ರೂಪಾಯಿ ಮಾಡುವ ಕೆಲಸ ಒಂದೇ ಅಲ್ಲ. ಉದಾಹರಣೆಗೆ 600 ಸೀಟಿನ ಥಿಯೇಟರ್, ವಾರದ ಬಾಡಿಗೆ 2 ಲಕ್ಷ, ತೆರಿಗೆ ಕಳೆದು ಟಿಕೆಟ್ 100 ಅಂದುಕೊಳ್ಳಿ. ದಿನಕ್ಕೆ ನಾಲ್ಕರಂತೆ ವಾರಕ್ಕೆ 28 ಶೋ. ಬಾಡಿಗೆ ಹುಟ್ಟಲು 2000 ಟಿಕೆಟ್ ಬೇಕು, ಶೋಗೆ 72ರ ಹತ್ತಿರ. ಅಷ್ಟು ದಾಟಿದ ಮೇಲೆ ಬರುವ ಪ್ರತಿ 100 ರೂಪಾಯಿ ಪೂರ್ತಿ ನಮ್ಮದು. ಅದೇ ಟಿಕೆಟ್ ಅರ್ಧ ಪಾಲಿನ ಮಲ್ಟಿಪ್ಲೆಕ್ಸ್‌ನಲ್ಲಿ ಮಾರಿದರೆ ನಮಗೆ 50. ಮೂವತ್ತು ಸಾವಿರದ ಜಾಹೀರಾತು ಹಾಕಿದರೆ ಬಾಡಿಗೆ ಥಿಯೇಟರ್‌ನಲ್ಲಿ 300 ಹೆಚ್ಚುವರಿ ಟಿಕೆಟ್‌ಗೆ ಹುಟ್ಟುತ್ತದೆ, ಮಲ್ಟಿಪ್ಲೆಕ್ಸ್‌ನಲ್ಲಿ 600 ಬೇಕು. ಹಾಗಾಗಿ ಆ್ಯಡ್‌ನ ಲಿಂಕ್ ಯಾವ ಥಿಯೇಟರ್‌ನ ಪುಟಕ್ಕೆ ಹೋಗುತ್ತದೆ ಅನ್ನುವುದು ಡಿಸೈನರ್‌ಗೆ ಬಿಡುವ ವಿಷಯವಲ್ಲ, ಒಪ್ಪಂದದ ಕಾಗದ ಮುಂದಿಟ್ಟುಕೊಂಡು ನಿರ್ಧರಿಸುವ ವಿಷಯ. ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗೆ ಕಟ್ಟುವ ವಿಪಿಎಫ್ ಶುಲ್ಕವನ್ನೂ ಥಿಯೇಟರ್‌ವಾರು ಬರೆದಿಡಿ. ಎಂಟು ಜನ ಕೂರುವ ಬೆಳಗಿನ ಶೋವನ್ನು ಹಟಕ್ಕೆ ಉಳಿಸಿಕೊಂಡರೆ ಎಷ್ಟು ಸೋರುತ್ತದೆ ಅಂತ ಆಗ ಕಣ್ಣಿಗೆ ಕಾಣುತ್ತದೆ.

ಜಾಹೀರಾತು ಯಾರಿಗೆ ತಲುಪಬೇಕು ಅನ್ನುವಲ್ಲಿ ಆಗುವ ತಪ್ಪುಗಳೇ ಹೆಚ್ಚು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಬೆಂಗಳೂರಿನ ಏಜೆನ್ಸಿ ಸಾಮಾನ್ಯವಾಗಿ ‘ಮೈಸೂರು, ಸುತ್ತ 40 ಕಿಲೋಮೀಟರ್’ ಅಂತ ಹಾಕಿಬಿಡುತ್ತದೆ. ಮೈಸೂರಿಂದ ಮಂಡ್ಯಕ್ಕೆ ರಸ್ತೆಯಲ್ಲಿ 45 ಕಿಲೋಮೀಟರ್ ಆಸುಪಾಸು, ಆಕಾಶದ ಅಳತೆಯಲ್ಲಿ ಇನ್ನೂ ಕಡಿಮೆ. ಅಂದರೆ ಮಂಡ್ಯದ ಹುಡುಗನ ಫೋನಿನಲ್ಲಿ ಮೈಸೂರಿನ ಥಿಯೇಟರ್ ಲಿಂಕ್ ತೆರೆದುಕೊಳ್ಳುತ್ತದೆ. ಅವನು ಮುಚ್ಚಿಬಿಡುತ್ತಾನೆ, ತನ್ನೂರಿನಲ್ಲೇ ಅದೇ ಚಿತ್ರ ಓಡುತ್ತಿದೆ ಅಂತ ಅವನಿಗೆ ಗೊತ್ತಾಗುವುದೇ ಇಲ್ಲ. ಊರಿನ ಹೆಸರು ಟೈಪ್ ಮಾಡುವ ಬದಲು ನಕ್ಷೆಯಲ್ಲಿ ಥಿಯೇಟರ್ ಮೇಲೆ ಪಿನ್ ಇಡಿ. ಮೈಸೂರಿಗೆ ಒಂದು ಆ್ಯಡ್ ಸೆಟ್, ಮಂಡ್ಯಕ್ಕೆ ಇನ್ನೊಂದು. ನಂಜನಗೂಡಲ್ಲೋ ಮದ್ದೂರಲ್ಲೋ ಚಿತ್ರ ಹಾಕಿದ್ದರೆ ಅದಕ್ಕೂ ಬೇರೆ. ಪ್ರತಿಯೊಂದಕ್ಕೂ ಬೇರೆ ಲಿಂಕ್, ಬೇರೆ ಹೆಸರು. ಹೆಸರಿಡುವಾಗ ಊರು, ಥಿಯೇಟರ್, ತಾರೀಖು ಮೂರೂ ಇರಲಿ. ಸೋಮವಾರ ಬೆಳಿಗ್ಗೆ ಲೆಕ್ಕ ಹೊಂದಿಸಲು ಕೂತಾಗ ‘ಆ್ಯಡ್ 3 ಹೊಸದು ಫೈನಲ್’ ಅನ್ನುವ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ಭಾಷೆಯ ಫಿಲ್ಟರ್ ಇನ್ನೊಂದು ಬಲೆ. ‘ಕನ್ನಡ’ ಅಂತ ಆಯ್ಕೆ ಮಾಡಿದರೆ ಕನ್ನಡ ಬಲ್ಲವರು ಸಿಗುತ್ತಾರೆ ಅಂದುಕೊಳ್ಳುತ್ತಾರೆ. ಜಾಹೀರಾತು ತೋರಿಸುವ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಆ್ಯಪ್ ನೋಡುವುದು ಮುಖ್ಯವಾಗಿ ಬಳಕೆದಾರ ಇಟ್ಟುಕೊಂಡ ಭಾಷೆಯ ಸೆಟ್ಟಿಂಗ್ ಅನ್ನು. ಮನೆಯಲ್ಲಿ, ಬೀದಿಯಲ್ಲಿ ಕನ್ನಡವನ್ನೇ ಆಡುವ ನಮ್ಮ ಜನರಲ್ಲಿ ಬಹಳಷ್ಟು ಮಂದಿಯ ಫೋನ್ ಇಂಗ್ಲಿಷಿನಲ್ಲೇ ಇರುತ್ತದೆ. ಫಿಲ್ಟರ್ ಹಾಕಿದರೆ ಅವರೆಲ್ಲ ಹೊರಗುಳಿಯುತ್ತಾರೆ. ಹಾಕದಿದ್ದರೆ ಹೂಟಗಳ್ಳಿ, ಹೆಬ್ಬಾಳದ ಕಡೆ ತರಬೇತಿಗೆ ಬಂದ ಹೊರರಾಜ್ಯದವರಿಗೂ ಜಾಹೀರಾತು ಹೋಗುತ್ತದೆ. ಇದಕ್ಕೆ ನಾವು ಕಂಡುಕೊಂಡ ದಾರಿ: ಫಿಲ್ಟರ್ ಬೇಡ, ವಿಡಿಯೊದ ಮೊದಲ ಎರಡು ಸೆಕೆಂಡಿನಲ್ಲಿ ದಪ್ಪ ಕನ್ನಡ ಅಕ್ಷರ, ಕನ್ನಡ ಮಾತು. ಬೇಡದವರು ತಾವೇ ಮುಂದೆ ಸರಿಯುತ್ತಾರೆ, ನಿಂತು ನೋಡಿದವರಂಥವರನ್ನೇ ಆ್ಯಪ್ ಹುಡುಕಿಕೊಡುತ್ತದೆ.

ಪಿನ್ ಸುತ್ತಲಿನ ವೃತ್ತ ಚಿಕ್ಕದಾದರೆ ಒಬ್ಬರಿಗೇ ಅದೇ ವಿಡಿಯೊ ಮತ್ತೆ ಮತ್ತೆ ಬರುತ್ತದೆ. ಮೂರು ದಿನದಲ್ಲಿ ಫ್ರೀಕ್ವೆನ್ಸಿ, ಅಂದರೆ ಒಬ್ಬರಿಗೆ ಸರಾಸರಿ ಎಷ್ಟು ಸಲ ಬಂತು ಅನ್ನುವ ಲೆಕ್ಕ, ನಾಲ್ಕು, ಐದಕ್ಕೆ ಹೋದರೆ ವಿಡಿಯೊ ಬದಲಿಸಿ. ಹೊಸ ಆ್ಯಡ್ ಪರಿಶೀಲನೆಗೆ ಒಂದು ದಿನದವರೆಗೂ ಹಿಡಿಯಬಹುದು, ಆದ್ದರಿಂದ ‘ಈಗ ಥಿಯೇಟರ್‌ಗಳಲ್ಲಿ’ ಅನ್ನುವ ಕಟ್‌ಗಳನ್ನು ಬುಧವಾರವೇ ಏರಿಸಿ, ಒಪ್ಪಿಗೆ ಪಡೆದು, ನಿಲ್ಲಿಸಿಟ್ಟಿರಬೇಕು. ಶುಕ್ರವಾರ ಮಧ್ಯಾಹ್ನ ಸ್ವಿಚ್ ಹಾಕುವುದಷ್ಟೇ ಕೆಲಸ. ಚಾಲೂ ಆದ ಆ್ಯಡ್‌ನ ಬರಹವನ್ನೋ ವಿಡಿಯೊವನ್ನೋ ತಿದ್ದಿದರೆ ಪರಿಶೀಲನೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಶನಿವಾರ ಸಂಜೆ ಹೀಗಾದರೆ ಒಂದು ವಾರಾಂತ್ಯವೇ ಹೋದಂತೆ.

ವಿಡಿಯೊ ಹೇಗಿರಬೇಕು? ಯೂಟ್ಯೂಬ್‌ನ ಸ್ಕಿಪ್ ಮಾಡಬಹುದಾದ ಜಾಹೀರಾತಿನಲ್ಲಿ ನಮ್ಮ ಕೈಲಿರುವುದು 5 ಸೆಕೆಂಡ್. ನಿರ್ಮಾಣ ಸಂಸ್ಥೆಯ ಲೋಗೊ, ಅರ್ಪಿಸುವವರ ಹೆಸರು, ಕಪ್ಪು ತೆರೆ ಇವುಗಳಿಂದ ಶುರು ಮಾಡಿದರೆ ಚಿತ್ರದ ಹೆಸರು ಬರುವಷ್ಟರಲ್ಲಿ ಜನ ಹೋಗಿರುತ್ತಾರೆ. ಟ್ರೇಲರ್ ಅನ್ನೇ ಜಾಹೀರಾತಾಗಿ ಓಡಿಸಬೇಡಿ, ಅದಕ್ಕೆಂದೇ ಬೇರೆ ಕಟ್ ಮಾಡಿಸಿ. ಮೊದಲ ಐದು ಸೆಕೆಂಡಿನಲ್ಲಿ ಒಂದು ಮುಖ, ಒಂದು ಮಾತು, ಚಿತ್ರದ ಹೆಸರು ಬರಲಿ. ರೀಲ್ಸ್‌ಗೆ 1080×1920 ಅಳತೆ, ಥಿಯೇಟರ್ ಹೆಸರನ್ನು ಕೆಳಗಿನ ಅಂಚಿನಲ್ಲಿ ಇಡಬೇಡಿ, ಅಲ್ಲಿ ಖಾತೆಯ ಹೆಸರು, ಬಟನ್‌ಗಳು ಮುಚ್ಚುತ್ತವೆ. ಶುಕ್ರವಾರ ಮೊದಲ ಶೋ ಬಿಟ್ಟಾಗ ಪ್ರೇಕ್ಷಕರ ಮಾತನ್ನು ಅವರ ಒಪ್ಪಿಗೆ ಪಡೆದು ಫೋನ್ ಉದ್ದಕ್ಕೆ ನಿಲ್ಲಿಸಿ ಹಿಡಿದು ತೆಗೆಯಿರಿ, 20–25 ಸೆಕೆಂಡ್ ಸಾಕು, ಹಿಂದೆ ಥಿಯೇಟರ್‌ನ ಬೋರ್ಡ್ ಕಾಣಲಿ. ಮಂಡ್ಯದ ಜಾಹೀರಾತಿಗೆ ಮಂಡ್ಯದವರ ಮಾತೇ ಬೇಕು. ‘ಸಕತ್ತಾಗೈತೆ, ಹೋಗಿ ನೋಡ್ರಲಾ’ ಅಂತ ಒಬ್ಬ ಅಣ್ಣ ಹೇಳಿದರೆ ಅದು ಮಾಡುವ ಕೆಲಸವನ್ನು ಬೆಂಗಳೂರಿನ ಸೆಲೆಬ್ರಿಟಿ ಬೈಟ್ ಮಾಡುವುದಿಲ್ಲ.

ಇಲ್ಲಿ ಬಹಳ ಜನ ಮರೆಯುವ ಒಂದು ವಿಷಯ ಇದೆ. ಟ್ರೇಲರ್, ಹಾಡುಗಳು ಇರುವುದು ಹೆಚ್ಚಾಗಿ ಆಡಿಯೊ ಕಂಪನಿಯ ಚಾನೆಲ್‌ನಲ್ಲಿ. ಅದರ ಡಿಸ್ಕ್ರಿಪ್ಷನ್ ತಿದ್ದುವ ಅಧಿಕಾರ ನಿರ್ಮಾಪಕರಿಗೂ ಇಲ್ಲ, ನಮಗೂ ಇಲ್ಲ. ಹಾಗಾಗಿ ಚಿತ್ರ ಬಂದು ಮೂರು ದಿನವಾದರೂ ಲಕ್ಷಾಂತರ ಜನ ನೋಡುವ ಹಾಡಿನ ಕೆಳಗೆ ‘ಶೀಘ್ರದಲ್ಲಿ’ ಅಂತಲೇ ಇರುತ್ತದೆ, ಬುಕಿಂಗ್ ಲಿಂಕ್ ಇರುವುದಿಲ್ಲ. ಆಡಿಯೊ ಹಕ್ಕಿನ ಒಪ್ಪಂದ ಬರೆಯುವಾಗಲೇ ನಾಲ್ಕು ಸಾಲು ಸೇರಿಸಿಕೊಳ್ಳಲು ನಿರ್ಮಾಪಕರಿಗೆ ಹೇಳಿ: ಕೇಳಿದ ಕೆಲವೇ ಗಂಟೆಗಳಲ್ಲಿ ಮೊದಲ ಸಾಲಿಗೆ ಟಿಕೆಟ್ ಲಿಂಕ್ ಹಾಕಬೇಕು, ಕಾಮೆಂಟ್ ಪಿನ್ ಮಾಡಬೇಕು, ಎಂಡ್ ಸ್ಕ್ರೀನ್ (ವಿಡಿಯೊ ಕೊನೆಗೆ ಒತ್ತಲು ಬರುವ ಚೌಕಗಳು) ನಮ್ಮ ಮಾತಿನಂತೆ ಬದಲಿಸಬೇಕು, ಯಾವ ಊರಿಂದ ಎಷ್ಟು ವೀಕ್ಷಣೆ ಅನ್ನುವ ವರದಿ ಕೊಡಬೇಕು. ಎಂಡ್ ಸ್ಕ್ರೀನ್ ಬರುವುದು ವಿಡಿಯೊದ ಕೊನೆಯ 5ರಿಂದ 20 ಸೆಕೆಂಡಿನಲ್ಲಿ, ಅದಕ್ಕಾಗಿ ಟ್ರೇಲರ್ ಕೊನೆಯ ದಿನಾಂಕದ ಕಾರ್ಡನ್ನು ಹತ್ತು ಸೆಕೆಂಡಾದರೂ ನಿಲ್ಲಿಸಲು ಎಡಿಟರ್‌ಗೆ ಮುಂಚೆಯೇ ಹೇಳಿರಬೇಕು. ಚಿತ್ರತಂಡದ, ಥಿಯೇಟರ್‌ಗಳ ಚಾನೆಲ್‌ಗಳನ್ನು ಕಂಟೆಂಟ್ ಐಡಿಯ (ಹಕ್ಕಿರುವ ಹಾಡನ್ನು ಬೇರೆಯವರು ಬಳಸಿದರೆ ಪತ್ತೆ ಹಚ್ಚುವ ಯೂಟ್ಯೂಬ್ ವ್ಯವಸ್ಥೆ) ವಿನಾಯಿತಿ ಪಟ್ಟಿಗೆ ಸೇರಿಸಿರಬೇಕು. ಇಲ್ಲದಿದ್ದರೆ ನಮ್ಮದೇ ಹಾಡು ಹಾಕಿದ ನಮ್ಮದೇ ಪ್ರೋಮೊಗೆ ಕಾಪಿರೈಟ್ ಕ್ಲೇಮ್ ಬೀಳುತ್ತದೆ.

ಇನ್ನು ಶೋ ಟೈಮ್. ನಮ್ಮ ಕಡೆಯ ಸಿಂಗಲ್ ಸ್ಕ್ರೀನ್‌ಗಳು ಮೂರು ಗಂಟೆಗೊಂದು ಶೋ ಲೆಕ್ಕಕ್ಕೆ ಒಗ್ಗಿಕೊಂಡಿವೆ. ಚಿತ್ರ 2 ಗಂಟೆ 40 ನಿಮಿಷವಾದರೆ 160, ಇಂಟರ್ವಲ್ 15, ಒಟ್ಟು 175. ಜನ ಹೊರಗೆ ಬಂದು, ಕಸ ಗುಡಿಸಿ, ಮುಂದಿನವರು ಒಳಗೆ ಹೋಗಲು ಉಳಿಯುವುದು 5 ನಿಮಿಷ. ಅಷ್ಟರಲ್ಲಿ ಆಗುವುದಿಲ್ಲ. ಸೆನ್ಸಾರ್ ಸರ್ಟಿಫಿಕೇಟ್‌ನಲ್ಲಿರುವ ಅವಧಿ ಕೈಗೆ ಬರುವ ಮುಂಚೆ ಪೋಸ್ಟರ್‌ನಲ್ಲಿ, ಸ್ಟೇಟಸ್ ಕಾರ್ಡ್‌ನಲ್ಲಿ ಸಮಯ ಹಾಕಿದರೆ ಕೊನೆಗೆ ಆ್ಯಪ್‌ನಲ್ಲಿ ಒಂದು, ಗೋಡೆಯ ಮೇಲೆ ಒಂದು ಆಗುತ್ತದೆ. ಈಗ ಯುಎ ವರ್ಗದಲ್ಲೇ 7+, 13+, 16+ ಅಂತ ಮೂರಿವೆ, ಲಿಸ್ಟಿಂಗ್‌ನಲ್ಲಿ ಅದೂ ಸರಿಯಿರಬೇಕು. ಮಂಡ್ಯದಲ್ಲಿ ಸಂಜೆಯ ಫಸ್ಟ್ ಶೋ ಬಿಡುವ ಹೊತ್ತನ್ನು ಮಳವಳ್ಳಿ, ಪಾಂಡವಪುರ, ನಾಗಮಂಗಲ ಕಡೆಯ ಕೊನೆ ಬಸ್ಸಿನ ಜೊತೆ ಇಟ್ಟು ನೋಡಿ. ಹತ್ತು ನಿಮಿಷ ಮುಂಚೆಯೇ ಶುರು ಮಾಡಿದರೆ ಹಳ್ಳಿಯವರು ಕ್ಲೈಮ್ಯಾಕ್ಸ್ ಬಿಟ್ಟು ಓಡುವುದು ತಪ್ಪುತ್ತದೆ.

ಪ್ರೊಜೆಕ್ಷನ್ ವಿಷಯದಲ್ಲಿ ಎರಡೇ ಎಚ್ಚರ. ಡಿಸಿಪಿ, ಅಂದರೆ ಥಿಯೇಟರ್‌ಗೆ ಹೋಗುವ ಚಿತ್ರದ ಡಿಜಿಟಲ್ ಪ್ರತಿ, ಅದರ ಫೈಲ್ 100 ಜಿಬಿ ಮೀರುವುದು ಸಾಮಾನ್ಯ, ಸರ್ವರ್‌ಗೆ ಇಳಿಸಲು ಗಂಟೆಗಟ್ಟಲೆ ಬೇಕು, ಗುರುವಾರ ಸಂಜೆಗೆ ಮುಗಿದಿರಬೇಕು. ಅದನ್ನು ತೆರೆಯುವ ಕೆಡಿಎಂ ಕೀ ಒಂದು ನಿರ್ದಿಷ್ಟ ಸರ್ವರ್‌ಗೆ, ನಿರ್ದಿಷ್ಟ ಅವಧಿಗೆ ಮಾತ್ರ. ರಿಪೇರಿಗೆ ಅಂತ ಥಿಯೇಟರ್‌ನವರು ಸರ್ವರ್ ಬದಲಿಸಿದ್ದರೆ ಹಳೆಯ ವಿವರಕ್ಕೆ ಮಾಡಿಸಿದ ಕೀ ಕೆಲಸ ಮಾಡುವುದಿಲ್ಲ. ‘ಕೀ ಬಂತಾ’ ಅಂತ ಕೇಳಿದರೆ ಸಾಲದು, ‘ಹಾಕಿ ಐದು ನಿಮಿಷ ಓಡಿಸಿದಿರಾ’ ಅಂತ ಕೇಳಿ. ಎರಡನೇ ವಾರದ ಕೀಯನ್ನು ಬುಧವಾರವೇ ಕೇಳಿಡಿ.

ವಾರಾಂತ್ಯದ ಅಂಕಿ ಓದುವುದಕ್ಕೆ ಒಂದು ಕ್ರಮ ಬೇಕು. ಆ್ಯಪ್‌ನಲ್ಲಿ ಸೀಟು ಖಾಲಿ ಕಂಡ ಮಾತ್ರಕ್ಕೆ ಮಂಡ್ಯದ ಶೋ ಬಿದ್ದಿದೆ ಅಂತಲ್ಲ, ಅಲ್ಲಿ ಕೌಂಟರ್ ಮಾರಾಟ ಇನ್ನೂ ದೊಡ್ಡದು. ಪ್ರತಿ ಶೋ ಶುರುವಾಗಿ ಅರ್ಧ ಗಂಟೆಗೆ ಕೌಂಟರ್ ಎಷ್ಟು, ಆನ್‌ಲೈನ್ ಎಷ್ಟು ಅಂತ ಬೇರೆ ಬೇರೆಯಾಗಿ ಥಿಯೇಟರ್‌ನಲ್ಲಿರುವ ನಮ್ಮ ಪ್ರತಿನಿಧಿಯಿಂದ (ರೆಪ್) ವಾಟ್ಸ್ಆ್ಯಪ್‌ಗೆ ತರಿಸಿಕೊಳ್ಳಿ. ಶುಕ್ರವಾರದ ಮ್ಯಾಟಿನಿಗಿಂತ ಶನಿವಾರದ ಮ್ಯಾಟಿನಿ ಎಷ್ಟು ಮೇಲೆ, ಶನಿವಾರ ಸಂಜೆಗಿಂತ ಭಾನುವಾರ ಸಂಜೆ ಎಷ್ಟು ಮೇಲೆ, ಒಂದೇ ಶೋವನ್ನು ಒಂದೇ ಶೋ ಜೊತೆ ಹೋಲಿಸಿ. ಏರುತ್ತಿರುವ ಥಿಯೇಟರ್‌ಗೆ ಉಳಿದ ದುಡ್ಡು ಹಾಕಿ, ಬೀಳುತ್ತಿರುವುದಕ್ಕೆ ಅಲ್ಲ. ಇದು ಮನಸ್ಸಿಗೆ ಕಷ್ಟ. ಬಿದ್ದದ್ದನ್ನು ಎತ್ತಬೇಕು ಅನ್ನಿಸುತ್ತದೆ. ಆದರೆ ಸೋಮವಾರದ ಮಾತುಕತೆಯಲ್ಲಿ ಏರಿದ ಒಂದು ಥಿಯೇಟರ್ ತೋರಿಸಿ ನಾಲ್ಕು ಶೋ ಉಳಿಸಿಕೊಳ್ಳಬಹುದು, ಸಮವಾಗಿ ಸೊರಗಿದ ಮೂರನ್ನು ತೋರಿಸಿ ಏನೂ ಉಳಿಯುವುದಿಲ್ಲ. ಶಾಂತಲಾದಂಥ ಥಿಯೇಟರ್ 2020ರಲ್ಲಿ ಬಾಗಿಲು ಹಾಕಿದ ಮೇಲೆ ಮೈಸೂರಿನಲ್ಲಿ ಸಿಂಗಲ್ ಸ್ಕ್ರೀನ್‌ಗಳಿಗೆ ಪೈಪೋಟಿ ಇನ್ನಷ್ಟು ಬಿಗಿಯಾಗಿದೆ.

ಸ್ವಂತ ದುಡ್ಡಲ್ಲಿ ಟಿಕೆಟ್ ಕೊಂಡು ಬುಕಿಂಗ್ ಆ್ಯಪ್‌ನಲ್ಲಿ ‘ಹೌಸ್‌ಫುಲ್’ ಬಣ್ಣ ಬರಿಸುವ ಅಭ್ಯಾಸ ದಯವಿಟ್ಟು ಬೇಡ. ಆ ದುಡ್ಡಿನಲ್ಲಿ ತೆರಿಗೆ ಹೋಗುತ್ತದೆ, ಥಿಯೇಟರ್ ಪಾಲು ಹೋಗುತ್ತದೆ, ನಿಜವಾಗಿ ಬರಬೇಕೆಂದಿದ್ದ ಸಂಸಾರ ‘ಸೀಟಿಲ್ಲ’ ಅಂತ ಬೇರೆ ಚಿತ್ರಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ನಮ್ಮದೇ ಅಂಕಿ ನಮಗೇ ನಂಬಲಾಗದಂತೆ ಆಗುತ್ತದೆ.

ಹೋರ್ಡಿಂಗ್ ಬಗ್ಗೆ ಒಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾದ ಮೇಲೆ ದೂರದ ಗಾಡಿಗಳು ಬೈಪಾಸ್‌ನಲ್ಲೇ ಮಂಡ್ಯ ದಾಟಿಬಿಡುತ್ತವೆ. ಹಳೆಯ ಹೆದ್ದಾರಿಯ ಹೋರ್ಡಿಂಗ್‌ಗೆ ಹಳೆಯ ದರ ಕೊಡಬೇಡಿ. ಮೈಸೂರಿನಲ್ಲಿ ವಿಜಯದಶಮಿಯ ದಿನ ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪದವರೆಗೆ ಸಾಗುವಾಗ ಆ ದಾರಿಯ ಸುತ್ತ ವಾಹನ ಸಂಚಾರ ಇರುವುದಿಲ್ಲ, ಮಧ್ಯಾಹ್ನದ ಶೋಗಳಿಗೆ ಆ ದಿನ ಜಾಹೀರಾತು ನಿಲ್ಲಿಸಿ ಮರುದಿನಕ್ಕೆ ದೂಡಿ.

ಕೊನೆಯದಾಗಿ ಒಟಿಟಿ. ಹಕ್ಕು ಮಾರಾಟ ನಿರ್ಮಾಪಕರ ವ್ಯವಹಾರ, ಆದರೆ ದಿನಾಂಕ ಹೊರಬೀಳುವುದು ನಮ್ಮ ಕಲೆಕ್ಷನ್ ಮೇಲೆ ನೇರ ಬೀಳುತ್ತದೆ. ‘ನಾಲ್ಕು ವಾರಕ್ಕೆ ಒಟಿಟಿಗೆ’ ಅನ್ನುವ ಸುದ್ದಿ ಎರಡನೇ ವಾರದಲ್ಲೇ ಪೋಸ್ಟ್ ಆದರೆ ಸೋಮವಾರದ ಕೌಂಟರ್‌ನಲ್ಲಿ ಅದು ಕಾಣುತ್ತದೆ. ಥಿಯೇಟರ್ ಶೋ ಇರುವವರೆಗೆ ದಿನಾಂಕ ಪ್ರಕಟಿಸಬಾರದು ಅಂತ ಹಂಚಿಕೆ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಸಂದರ್ಶನಗಳಿಗೆ ಹೋಗುವ ನಟರಿಗೂ ಆ ಸಾಲನ್ನು ಮುಂಚೆಯೇ ಕಳಿಸಿಕೊಡಿ.