ಮರಳಿ ಬರುವ ದಾರಿಯ ಲೆಕ್ಕ

ಹತ್ತು ದಿನಗಳ ರಜೆ, 850 ಕಿಲೋಮೀಟರ್ ದೂರ, ಐದು ಜನರ ಕುಟುಂಬ. ಕಾರಿನಲ್ಲಿ ಹೋಗುವುದೋ ವಿಮಾನದಲ್ಲಿ ಹೋಗುವುದೋ ಎಂಬ ಪ್ರಶ್ನೆಯ ಮೇಲೆ ನಮ್ಮ ಮನೆಯಲ್ಲಿ ಎರಡು ವಾರ ಚರ್ಚೆ ನಡೆಯಿತು. ಹನ್ನೊಂದು ವರ್ಷದ ಮಗನಿಗೆ ವಿಮಾನವೇ ಬೇಕಿತ್ತು. ಪತಿಗೆ ಬೇಕಾದಲ್ಲಿ ನಿಲ್ಲಿಸಿ, ಬೇಕಾದಾಗ ಹೊರಡುವ ಕಾರಿನ ಸ್ವಾತಂತ್ರ್ಯ ಇಷ್ಟ. ನಾಲ್ಕು ವರ್ಷದ ಮಗಳಿಗೆ ಕಿಟಕಿಯೊಂದು ಸಿಕ್ಕರೆ ಸಾಕು. ಎಪ್ಪತ್ತೊಂದು ವರ್ಷದ ಅತ್ತೆಯವರು ಎಲ್ಲರ ಮಾತನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಹೋಗುವಾಗ ಎಲ್ಲರಿಗೂ ಹುಮ್ಮಸ್ಸು ಇರುತ್ತದಮ್ಮ. ಬರುವಾಗ ಗಾಡಿ ಓಡಿಸುವವರಿಗೆ ನಿದ್ದೆ ಆಗಿರುತ್ತದೆಯೇ?"

ಆ ಪ್ರಶ್ನೆ ಬಂದದ್ದು ಎಲ್ಲಿಂದ ಎಂಬುದು ನನಗೆ ತಿಳಿದಿತ್ತು. ಮೂರು ವರ್ಷಗಳ ಹಿಂದೆ ಇಷ್ಟೇ ದೂರದ ಪ್ರವಾಸ ಮುಗಿಸಿ, ಮರುದಿನ ಕೆಲಸಕ್ಕೆ ಹಾಜರಾಗಬೇಕೆಂಬ ಅವಸರದಲ್ಲಿ ನಾವು ಸಂಜೆ ಆರಕ್ಕೆ ಹೊರಟಿದ್ದೆವು. ಇಬ್ಬರಿಗೂ ಚಾಲನೆ ಬರುತ್ತದೆ, ಸರದಿಯಂತೆ ಓಡಿಸಿದರಾಯಿತು ಎಂಬುದು ನಮ್ಮ ಧೈರ್ಯ. ಬೆಳಗಿನ ಜಾವ ನಾಲ್ಕೂಕಾಲಕ್ಕೆ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಹಿಂದಿನ ಸೀಟಿನಲ್ಲಿ ಅತ್ತೆಯವರ ತೊಡೆಯ ಮೇಲೆ ತಲೆಯಿಟ್ಟು ಮಗ ಮಲಗಿದ್ದ. ಸೀಟಿನ ಬೆಲ್ಟು ಕಟ್ಟಿದ್ದ ಮಗಳ ಕತ್ತು ಒಂದು ಪಕ್ಕಕ್ಕೆ ವಾಲಿತ್ತು. ಪತಿ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದರು. ಒಮ್ಮೆಲೇ ಚಕ್ರದ ಕೆಳಗೆ ಜಲ್ಲಿಕಲ್ಲು ಕರಕರನೆ ಸದ್ದು ಮಾಡಿತು. ಕಾರಿನ ಒಂದು ಬದಿಯ ಚಕ್ರಗಳು ರಸ್ತೆಯ ಅಂಚು ದಾಟಿದ್ದವು. ನಾನು ಸ್ಟೀರಿಂಗ್ ತಿರುಗಿಸಿ ಕಾರನ್ನು ರಸ್ತೆಗೆ ತಂದೆ, ಏನೂ ಅನಾಹುತವಾಗಲಿಲ್ಲ. ಆದರೆ ನನ್ನ ಕಣ್ಣು ಮುಚ್ಚಿದ್ದು ಯಾವಾಗ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಅತ್ತೆಯವರೊಬ್ಬರಿಗೆ ಮಾತ್ರ ಎಚ್ಚರವಿತ್ತು. ಅವರು ಏನೂ ಅನ್ನದೆ ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು.

ಆದ್ದರಿಂದ ಈ ಸಲ ನಾನು ಲೆಕ್ಕವನ್ನು ಕೊನೆಯಿಂದ ಬರೆಯಲು ಆರಂಭಿಸಿದೆ. ನಾವು ಸಾಮಾನ್ಯವಾಗಿ ಯೋಚಿಸುವುದು ಹೊರಡುವ ದಿನದ ಬಗ್ಗೆ; ಆ ದಿನ ಎಲ್ಲರೂ ಮಲಗಿ ಎದ್ದಿರುತ್ತೇವೆ, ಗಾಡಿ ಸರ್ವಿಸ್ ಆಗಿರುತ್ತದೆ, ಮಕ್ಕಳು ಹಟ ಮಾಡುವುದಿಲ್ಲ. ಪ್ರಯಾಣ ಪರೀಕ್ಷೆಗೆ ಬೀಳುವುದು ಮರಳುವ ದಿನ. ಅಂದು ಮೈ ದಣಿದಿರುತ್ತದೆ, ಸಾಮಾನು ಹೆಚ್ಚಿರುತ್ತದೆ, ಶಾಲೆ ಮತ್ತು ಕಚೇರಿ ತೆರೆಯುವ ಬೆಳಗು ಎದುರಿಗೆ ನಿಂತಿರುತ್ತದೆ.

ನಿದ್ದೆಯ ವಿಷಯದಲ್ಲಿ ನಾವು ನಮ್ಮ ಮೇಲೆ ಅತಿಯಾದ ನಂಬಿಕೆ ಇಟ್ಟುಕೊಳ್ಳುತ್ತೇವೆ. ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 17 ಗಂಟೆ ಸತತ ಎಚ್ಚರವಾಗಿದ್ದವರ ಕಾರ್ಯಕ್ಷಮತೆ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಕುಸಿಯುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೇ ಆ ಸ್ಥಿತಿಯಲ್ಲಿರುತ್ತಾರೆ. ಕುಡಿದು ಓಡಿಸುವುದನ್ನು ಕನಸಿನಲ್ಲಿಯೂ ಒಪ್ಪದ ನಾವು ಇದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೇಹದ ಗಡಿಯಾರವೂ ಬೆಳಗಿನ ಜಾವ ಎರಡರಿಂದ ಆರರವರೆಗೆ, ಮತ್ತೆ ಮಧ್ಯಾಹ್ನ ಊಟದ ನಂತರದ ಹೊತ್ತಿನಲ್ಲಿ, ನಮ್ಮನ್ನು ನಿದ್ದೆಯ ಕಡೆಗೆ ಎಳೆಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಚಲಿಸುತ್ತದೆ. ನಾಲ್ಕು ಸೆಕೆಂಡು ರೆಪ್ಪೆ ಅಂಟಿದರೆ 110 ಮೀಟರಿಗೂ ಹೆಚ್ಚು ದೂರವನ್ನು ಯಾರೂ ನೋಡದೆಯೇ ಕ್ರಮಿಸಿದಂತಾಯಿತು. ಕಿಟಕಿ ತೆರೆಯುವುದು, ಹಾಡಿನ ಸದ್ದು ಏರಿಸುವುದು, ಮುಖಕ್ಕೆ ನೀರು ಚಿಮುಕಿಸುವುದು, ಇವೆಲ್ಲವನ್ನೂ ನಾನು ಅಂದು ಮಾಡಿದ್ದೆ. ಇವುಗಳ ಪರಿಣಾಮ ಕೆಲವೇ ನಿಮಿಷಗಳದ್ದು. ಸುರಕ್ಷಿತವಾದ ಜಾಗದಲ್ಲಿ ಕಾರು ನಿಲ್ಲಿಸಿ ಹದಿನೈದು, ಇಪ್ಪತ್ತು ನಿಮಿಷ ಮಲಗುವುದು ಇವೆಲ್ಲಕ್ಕಿಂತ ಮೇಲು. ಆದರೂ ಅದು ಒಂದು ರಾತ್ರಿಯ ನಿದ್ದೆಗೆ ಸಮವಲ್ಲ. ಇಬ್ಬರು ಚಾಲಕರಿದ್ದರೆ ಎರಡು ಪಟ್ಟು ದೂರ ಹೋಗಬಹುದೆಂಬ ಎಣಿಕೆಯೂ ತಪ್ಪು, ಏಕೆಂದರೆ ಪಕ್ಕದ ಸೀಟಿನಲ್ಲಿ ಕುಳಿತು ಕುಲುಕಾಡುತ್ತ ಮಾಡಿದ ನಿದ್ದೆ ಯಾರನ್ನೂ ಚೇತರಿಸುವುದಿಲ್ಲ.

ಇದನ್ನೇ ಉದ್ಯೋಗ ಮಾಡಿಕೊಂಡವರಿಗೆ ಐರೋಪ್ಯ ಒಕ್ಕೂಟದಲ್ಲಿ ಕಟ್ಟುನಿಟ್ಟಾದ ನಿಯಮವಿದೆ: ಭಾರಿ ವಾಹನ ಓಡಿಸುವವರು ನಾಲ್ಕೂವರೆ ಗಂಟೆ ಚಾಲನೆಯ ನಂತರ 45 ನಿಮಿಷ ವಿರಾಮ ತೆಗೆದುಕೊಳ್ಳಬೇಕು, ಮತ್ತು ದಿನದ ಚಾಲನೆ ಸಾಮಾನ್ಯವಾಗಿ ಒಂಬತ್ತು ಗಂಟೆ ಮೀರಬಾರದು. ದಿನವೂ ಅದೇ ಕೆಲಸ ಮಾಡುವ ಚಾಲಕರಿಗೇ ಈ ಮಿತಿಯಿರುವಾಗ, ವರ್ಷಕ್ಕೆರಡು ಬಾರಿ ಹೆದ್ದಾರಿ ಹಿಡಿಯುವ ನನ್ನಂಥವರು ಎಂಟು ಗಂಟೆಯಲ್ಲಿ ನಿಲ್ಲಿಸುವುದು ವಿವೇಕವೆಂದು ನನ್ನ ತೀರ್ಮಾನ. ಎಂದರೆ, ನಮ್ಮ 850 ಕಿಲೋಮೀಟರಿಗೆ ನಡುವೆ ಒಂದು ರಾತ್ರಿಯ ತಂಗುವಿಕೆ ಅನಿವಾರ್ಯ.

ಸಮಯದ ಲೆಕ್ಕ ಇಲ್ಲಿಂದ ಬದಲಾಗುತ್ತದೆ. ಮೊಬೈಲಿನ ನಕ್ಷೆ ಈ ದಾರಿಗೆ ಹದಿನಾಲ್ಕು ಗಂಟೆ ತೋರಿಸಿತು. ಆದರೆ ನಾಲ್ಕು ವರ್ಷದ ಮಗುವಿಗೆ ಎಷ್ಟು ಸಲ ಶೌಚಾಲಯ ಬೇಕಾಗುತ್ತದೆ, ಎಪ್ಪತ್ತು ದಾಟಿದವರ ಮಂಡಿ ಎಷ್ಟು ಹೊತ್ತಿಗೊಮ್ಮೆ ಬಿಗಿಯುತ್ತದೆ ಎಂಬುದು ನಕ್ಷೆಗೆ ತಿಳಿಯದು. ನಿಲುಗಡೆಗಳನ್ನು ಸೇರಿಸಿದರೆ ಹದಿನೇಳು, ಹದಿನೆಂಟು ಗಂಟೆ; ಹೀಗಾಗಿ ಹೋಗಲು ಎರಡು ದಿನ, ಬರಲು ಎರಡು ದಿನ. ವಿಮಾನದವರು ಹೇಳುವ ಒಂದೂವರೆ ಗಂಟೆಯೂ ಅಷ್ಟೇ ಅರ್ಧಸತ್ಯ. ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ, ಎರಡು ಗಂಟೆ ಮೊದಲೇ ತಲುಪಬೇಕಾದದ್ದು, ಇಳಿದ ಮೇಲೆ ಸಾಮಾನಿಗಾಗಿ ಕಾಯುವ ಅರ್ಧ ಗಂಟೆ, ಅಲ್ಲಿಂದ ತಂಗುವ ಜಾಗಕ್ಕೆ ಇನ್ನೊಂದು ಗಂಟೆ, ಇವೆಲ್ಲ ಸೇರಿ ಆರೂವರೆ ಗಂಟೆಯಾಗುತ್ತದೆ. ಬಾಗಿಲಿನಿಂದ ಬಾಗಿಲಿಗೆ ಹೀಗೆ ಅಳೆದು ನೋಡಿದರೆ, 400 ಕಿಲೋಮೀಟರ್ ಒಳಗಿನ ಪ್ರವಾಸಕ್ಕೆ ವಿಮಾನದ ಮಾತೇ ಎತ್ತಬಾರದು, ಸಾವಿರ ದಾಟಿದರೆ ಕಾರಿನ ಮಾತು ಎತ್ತಬಾರದು ಎಂಬುದು ನಾನು ಕಂಡುಕೊಂಡ ಗೆರೆ. ಕಷ್ಟವಿರುವುದು ಈ ಎರಡರ ನಡುವೆ.

ಹಣದ ಲೆಕ್ಕದಲ್ಲಿ ಕಾರಿನದು ಭಾಗಾಕಾರ, ವಿಮಾನದ್ದು ಗುಣಾಕಾರ. ಒಬ್ಬರು ಕುಳಿತರೂ ಐವರು ಕುಳಿತರೂ ಕಾರು ಕುಡಿಯುವ ಇಂಧನ ಹೆಚ್ಚುಕಡಿಮೆ ಅಷ್ಟೇ. ವಿಮಾನದಲ್ಲಾದರೋ ಎರಡು ವರ್ಷ ತುಂಬಿದ ಮಗುವಿಗೂ ಪ್ರತ್ಯೇಕ ಸೀಟು ಕೊಳ್ಳಬೇಕು. ಐದು ಜನರಿಗೆ ಕಾರೇ ಅಗ್ಗ, ಇದರಲ್ಲಿ ಅನುಮಾನವಿಲ್ಲ. ಆದರೆ ಬರೀ ಇಂಧನದ ಖರ್ಚನ್ನು ಟಿಕೆಟ್ಟಿನ ಎದುರಿಗಿಟ್ಟು ತೂಗುವುದು ಸರಿಯಲ್ಲ. ಟೋಲ್, ನಡುದಾರಿಯ ಎರಡು ರಾತ್ರಿಗಳ ಕೊಠಡಿ ಬಾಡಿಗೆ, ಟೈರಿನ ಸವೆತ, ಬೇಗ ಬರುವ ಸರ್ವಿಸ್ ಇವನ್ನೆಲ್ಲ ಕಾರಿನ ಕಡೆಗೂ, ಇಳಿದ ಊರಿನ ಬಾಡಿಗೆ ವಾಹನವನ್ನು ವಿಮಾನದ ಕಡೆಗೂ ಬರೆದಾಗ ಅಂತರ ನಾವು ಎಣಿಸಿದ್ದಕ್ಕಿಂತ ಬಹಳ ಕಡಿಮೆಯಾಯಿತು. ಬೇಗ ತಲುಪಬೇಕೆಂದು ವೇಗ ಹೆಚ್ಚಿಸಿದರೆ ಇಂಧನದ ಲೆಕ್ಕವೂ ಕೈ ಮೀರುತ್ತದೆ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 100ರ ಬದಲು 120ರಲ್ಲಿ ಓಡಿಸುವಾಗ ಅದು ಶೇ. 44ರಷ್ಟು ಹೆಚ್ಚುತ್ತದೆ. ಪರಿಸರದ ದೃಷ್ಟಿಯಿಂದ ತುಂಬಿದ ಕಾರಿನ ಪರವಾಗಿ ಮಾತನಾಡಬೇಕಾದದ್ದು ನ್ಯಾಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿನಲ್ಲಿ ಒಂದು ಕಡೆಯ ಪ್ರಯಾಣಕ್ಕೆ 130 ಕಿಲೋಗ್ರಾಂ, ಐವರಿಗೆ ಹಂಚಿದರೆ ತಲೆಗೆ 26. ವಿಮಾನ ಇದಕ್ಕೆ ಸಾಟಿಯಾಗದು. ಇದು ನನ್ನ ಮನಸ್ಸಿನಲ್ಲಿ ಈಗಲೂ ಉಳಿದಿರುವ ಅಳುಕು.

ವಿಮಾನವೆಂದರೆ ಪತಿಗೆ ಸಣ್ಣದೊಂದು ಭಯವೂ ಇದೆ, ಅದನ್ನು ಅವರೇ ಹೇಳಿಕೊಂಡರು. ಸ್ಟೀರಿಂಗ್ ನಮ್ಮ ಕೈಯಲ್ಲಿದ್ದರೆ ಜೀವವೂ ನಮ್ಮ ಕೈಯಲ್ಲಿರುತ್ತದೆ ಎಂಬ ಭಾವನೆ ಬಹಳ ಜನರಲ್ಲಿದೆ. ಆದರೆ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ವರದಿಯಲ್ಲಿ ಹೇಳಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಬಹಳಷ್ಟು ಜನ ಹೆದರಿ ವಿಮಾನ ಬಿಟ್ಟು ಕಾರು ಹಿಡಿದರು. ಜರ್ಮನಿಯ ಮನಃಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಆ ಅವಧಿಯ ಅಂಕಿಅಂಶಗಳನ್ನು ಪರಿಶೀಲಿಸಿ, ಹೀಗೆ ರಸ್ತೆಗಿಳಿದ ಕಾರಣಕ್ಕೆ ಮುಂದಿನ ಹನ್ನೆರಡು ತಿಂಗಳಲ್ಲಿ ಸುಮಾರು 1,500 ಜನ ಹೆಚ್ಚಾಗಿ ಪ್ರಾಣ ಕಳೆದುಕೊಂಡರೆಂದು ಅಂದಾಜಿಸಿದರು. ಇದನ್ನು ಓದಿ ಹೇಳಿದಾಗ ಪತಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಅತ್ತೆಯವರಿಗೆ ಯಾವುದು ಅನುಕೂಲ ಎಂಬುದನ್ನು ಬೇರೆಯಾಗಿಯೇ ನೋಡಿದೆವು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ. ಮೂಲತಃ ಆ ಸಾಧ್ಯತೆ ಚಿಕ್ಕದೇ. ಆದರೆ ಇದು ವಿಮಾನಕ್ಕಷ್ಟೇ ಅಲ್ಲ, ಕಾರು, ಬಸ್ಸು, ರೈಲುಗಳಿಗೂ ಅನ್ವಯಿಸುತ್ತದೆ. ಕಾರಿನಲ್ಲಿ ಎರಡು ಗಂಟೆಗೊಮ್ಮೆ ಇಳಿದು ನಡೆದಾಡುವ ಅವಕಾಶವಿದೆ, ಅದನ್ನು ಬಳಸಿಕೊಂಡರೆ ಮಾತ್ರ. ವಿಮಾನದ ಒಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿಯುವುದರಿಂದ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು. ಅತ್ತೆಯವರಿಗೆ ಅಂಥ ತೊಂದರೆಯಿಲ್ಲ. ನಿಲ್ದಾಣದಲ್ಲಿ ದೂರ ನಡೆಯಬೇಕಾದದ್ದೇ ಅವರ ಚಿಂತೆ. ಟಿಕೆಟ್ ಕಾದಿರಿಸುವಾಗಲೇ ಗಾಲಿಕುರ್ಚಿ ಕೇಳಿಕೊಳ್ಳಬಹುದೆಂದು ತಿಳಿದ ಮೇಲೆ ಅದೂ ಕಳೆಯಿತು.

ಮಕ್ಕಳ ಮಟ್ಟಿಗೆ ಎರಡರಲ್ಲೂ ಒಂದೊಂದು ಕಷ್ಟ. ಮಗನಿಗೆ ಕಾರಿನಲ್ಲಿ ಪುಸ್ತಕ ಹಿಡಿದರೆ ವಾಕರಿಕೆ ಬರುತ್ತದೆ. ಕಣ್ಣು ಅಲುಗಾಡದ ಪುಟವನ್ನು ನೋಡುತ್ತಿರುವಾಗ ಒಳಕಿವಿ ಮಾತ್ರ ದೇಹ ಚಲಿಸುತ್ತಿದೆ ಎಂದು ಮೆದುಳಿಗೆ ಹೇಳುತ್ತಿರುವುದೇ ಇದಕ್ಕೆ ಕಾರಣ. ಮಗಳಿಗೆ ವಿಮಾನ ಇಳಿಯುವಾಗ ಕಿವಿ ನೋಯುತ್ತದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಾಳ ಚಿಕ್ಕ ಮಕ್ಕಳಲ್ಲಿ ಕಿರಿದಾಗಿರುವುದರಿಂದ ಒತ್ತಡ ಬೇಗ ಸರಿಹೋಗುವುದಿಲ್ಲ. ಕಳೆದ ಸಲ ಅವಳು ನಿದ್ದೆಯಲ್ಲಿದ್ದಳು, ಎಬ್ಬಿಸಲು ಮನಸ್ಸಾಗದೆ ಬಿಟ್ಟೆ. ವಿಮಾನ ಕೆಳಗಿಳಿಯತೊಡಗಿದಾಗ ಎರಡೂ ಅಂಗೈಗಳಿಂದ ಕಿವಿ ಒತ್ತಿಕೊಂಡು ಎದ್ದು, "ಅಮ್ಮಾ, ಕಿವಿಯೊಳಗೆ ಯಾರೋ ತಳ್ಳುತ್ತಿದ್ದಾರೆ" ಎಂದು ಅಳತೊಡಗಿದಳು. ನುಂಗಿದಾಗಲೇ ಆ ನಾಳ ತೆರೆದುಕೊಳ್ಳುವುದು, ನಿದ್ದೆಯಲ್ಲಿ ನಾವು ನುಂಗುವುದು ಕಡಿಮೆ. ಆದ್ದರಿಂದ ಇಳಿಯಲು ಆರಂಭಿಸುವ ಮೊದಲೇ ಮಗುವನ್ನು ಎಬ್ಬಿಸಿ ಗುಟುಕು ಗುಟುಕಾಗಿ ನೀರು ಕುಡಿಸಬೇಕು ಎಂಬುದನ್ನು ನಾನು ಅವಳ ಅಳುವಿನಿಂದ ಕಲಿತೆ.

ಇಷ್ಟೆಲ್ಲ ಬರೆದ ಮೇಲೂ ಕಾರಿನ ಪ್ರಯಾಣದ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ. ವಿಮಾನ ನಮ್ಮನ್ನು ಒಂದು ಊರಿನಿಂದ ಎತ್ತಿ ಇನ್ನೊಂದು ಊರಿನಲ್ಲಿ ಇಳಿಸುತ್ತದೆ. ನಡುವೆ ಮಣ್ಣಿನ ಬಣ್ಣ ಬದಲಾದದ್ದು, ಮರಗಳು ಕುಳ್ಳಗಾಗುತ್ತ ಬಂದದ್ದು, ಅಂಗಡಿಯ ಫಲಕಗಳ ಲಿಪಿ ಬೇರೆಯಾದದ್ದು ಕಾಣುವುದೇ ಇಲ್ಲ. ಅತ್ತೆಯವರು ತಮ್ಮ ಬಾಲ್ಯದ ಎಷ್ಟೋ ಸಂಗತಿಗಳನ್ನು ಮಕ್ಕಳಿಗೆ ಹೇಳಿದ್ದು ಮನೆಯಲ್ಲಲ್ಲ, ಕಾರಿನ ಹಿಂದಿನ ಸೀಟಿನಲ್ಲಿ. ಯಾರೂ ಎದ್ದು ಹೋಗಲಾಗದ ಆ ಪುಟ್ಟ ಜಾಗದಲ್ಲಿ ಮಾತು ತಾನಾಗಿ ಬೆಳೆಯುತ್ತದೆ. ಇದಕ್ಕೆ ಸಮಯ ಕೊಡಲು ಸಾಧ್ಯವಿದ್ದರೆ, ಎಂದರೆ ಹೋಗಲು ಎರಡು ದಿನ, ಬರಲು ಎರಡು ದಿನ, ಮನೆ ತಲುಪಿದ ಮೇಲೆ ಸುಮ್ಮನಿರಲು ಒಂದು ದಿನ ಇದ್ದರೆ, ನಾನು ಕಣ್ಣು ಮುಚ್ಚಿ ಕಾರನ್ನೇ ಆರಿಸುತ್ತೇನೆ. ಈ ಸಲ ಹತ್ತರಲ್ಲಿ ಐದು ಕಳೆದರೆ ಉಳಿಯುವುದು ಐದೇ ದಿನ. ಆ ಐದನ್ನು ಏಳು ಮಾಡಿಕೊಳ್ಳುವ ಆಸೆಯಲ್ಲಿ ನಾವು ಮತ್ತೆ ರಾತ್ರಿ ಓಡಿಸಲು ಮುಂದಾಗುತ್ತೇವೆ ಎಂಬುದು ನನಗೂ ಗೊತ್ತು, ಪತಿಗೂ ಗೊತ್ತು.

ಹೀಗಾಗಿ ವಿಮಾನದ ಟಿಕೆಟ್ ತೆಗೆದುಕೊಂಡೆವು. ಮರಳುವ ದಿನ ಭಾನುವಾರ ಸಂಜೆಯ ಬದಲು ಶನಿವಾರ ಬೆಳಗಿನ ಮೊದಲ ವಿಮಾನವನ್ನು ಆರಿಸಿದೆ. ಒಂದೇ ವಿಮಾನ ದಿನಕ್ಕೆ ಹಲವು ಊರುಗಳಿಗೆ ಹಾರುವುದರಿಂದ ಬೆಳಗಿನ ಚಿಕ್ಕ ವಿಳಂಬ ಸಂಜೆಯ ಹೊತ್ತಿಗೆ ದೊಡ್ಡದಾಗಿ ಬೆಳೆದಿರುತ್ತದೆ; ಬೆಳಗಿನ ವಿಮಾನಕ್ಕೆ ಆ ಹೊರೆ ಇರುವುದಿಲ್ಲ. ಅತ್ತೆಯವರ ಮಾತ್ರೆಗಳು ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲಿ ಬರುತ್ತವೆ. ಕಾರಿನ ಟೈರುಗಳನ್ನು ಪತಿ ಹೇಗೂ ಪರೀಕ್ಷೆ ಮಾಡಿಸಿಟ್ಟಿದ್ದಾರೆ, ಮುಂದಿನ ರಜೆಗೆ 280 ಕಿಲೋಮೀಟರ್ ದೂರದ ಊರೊಂದನ್ನು ಗುರುತು ಹಾಕಿಕೊಂಡು. ಹೋಗುವಾಗ ಕಿಟಕಿಯ ಸೀಟು ಮಗನಿಗೆ, ಬರುವಾಗ ಮಗಳಿಗೆ ಎಂದು ಒಪ್ಪಂದವಾಗಿದೆ. ಅವಳ ನೀರಿನ ಬಾಟಲಿಯನ್ನು ತಪಾಸಣೆಗೆ ಮೊದಲು ಖಾಲಿ ಮಾಡಿ, ಒಳಗೆ ಹೋದ ಮೇಲೆ ಮರೆಯದೆ ತುಂಬಿಸಿಕೊಳ್ಳಬೇಕು.